“ಅಂತೀರಿ, ಹೌದಲ್ಲ?”

ಮಂಕಿ ಕ್ಯಾಪಿಗೆ ಎರಡೂ ಬದಿ ಕತ್ತರಿಯಿಂದ ತೂತು ಮಾಡಿ, ಕಿವಿಗಳನ್ನು ಹೊರಗೆ ಬಿಟ್ಟುಕೊಂಡು ಓಡಾಡುತ್ತಿದ್ದವರನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ಗುರುಸಿದ್ದಪ್ಪ ಕಾಕಾ. ಕೋಲ್ಕತ್ತದಲ್ಲಿ ಗಾಳಿ ಸ್ವಲ್ಪ ತಣ್ಣಗಾದರೆ ಸಾಕು, ಊರಿಗೆ ಊರೇ ಮಂಕಿ ಕ್ಯಾಪಿನೊಳಗೆ ಹೊಕ್ಕುಬಿಡುತ್ತದೆ. ಕಾಕಾನಿಗೂ ಚಳಿಯಾಗುತ್ತಿತ್ತು, ಕಿವಿ ಕೆಂಪಾಗುತ್ತಿತ್ತು, ಆದರೂ ಮುಚ್ಚಲೊಲ್ಲರು. “ಈ ಕಿವಿಗೋಳು ನನಗ ಜೀವನಪೂರ್ತಿ ಅನ್ನ ಹಾಕ್ಯಾವ ತಂಗಿ. ಮುಪ್ಪಿನ್ಯಾಗ ಇವಕ್ಕ ಬಾಗಿಲಾ ಹಾಕಿದ್ರ ಹ್ಯಾಂಗ?” ಎನ್ನುವರು. ಗರಿಯಾಹಾಟಿನ ಸೀರೆ ಅಂಗಡಿಯವರು ಕೂಡ ಆ ಟೋಪಿ ನೋಡಿ ವ್ಯಾಪಾರ ಬಿಟ್ಟು ನಗುತ್ತಿದ್ದರು.

ಕಾಕಾ ಧಾರವಾಡದವರು. ಮೀಸೆ ಸರಿಯಾಗಿ ಮೂಡುವ ಮೊದಲೇ ಬಿಬಿಡಿ ಬಾಗ್ ಬಳಿಯ ತಂತಿ ಕಚೇರಿಗೆ ಕೆಲಸಕ್ಕೆ ಬಂದು, ಅಲ್ಲೇ ಟೆಲಿಗ್ರಾಂ ಕಳಿಸುತ್ತ, ಬಂದದ್ದನ್ನು ಬರೆದುಕೊಳ್ಳುತ್ತ ಮುದುಕರಾಗಿ ನಿವೃತ್ತರಾದವರು. ಅವರ ಬಾಯಲ್ಲಿ ಟೆಲಿಗ್ರಾಂ ಅಂದರೆ ‘ತಾರು’. ಆ ಕೆಲಸ ಅವರಿಗೊಂದು ಚಾಳಿ ಅಂಟಿಸಿತ್ತು. ಯಾರು ಏನೇ ಹೇಳಲಿ, ಮೊದಲು ಅದನ್ನು ಹೇಳಿದವರಿಗೇ ತಿರುಗಿ ಹೇಳುವರು. ಅವರು ಹೌದೆಂದ ಮೇಲೆಯೇ ಕಾಕಾನ ಉತ್ತರ. “ತಾರು ಬಂದಮ್ಯಾಲೆ ಹೆಸರು, ಅಂಕಿ ಎಲ್ಲಾ ಆ ಕಡೆ ಇದ್ದಾವಗ ತಿರುಗಿ ಹೇಳಬೇಕವಾ. ಅವ ಹೌದಂದ್ರ ಅದು ತಾರು. ಅಲ್ಲೀತನಕ ಅದು ಬರೇ ಸಪ್ಪಳ” ಎಂದು ನನಗೆ ವಿವರಿಸಿದ್ದರು.

ಕಚೇರಿಯಲ್ಲಿ ಇದು ಸರಿ. ಮನೆಯಲ್ಲಿ? ನೀಲವ್ವ ಕಾಕು ಒಳಗಿನಿಂದ, “ಉಪ್ಪು ತೀರೇತಿ” ಎಂದರೆ ಹೊರಗಿನಿಂದ ಕಾಕಾ, “ಉಪ್ಪು ತೀರೇತಿ ಅಂತೀ, ಹೌದಲ್ಲ?” ಎನ್ನುವರು. “ಹೌದು!” ಎಂದು ಅವಳು ಕಿರುಚಿದ ಮೇಲೆ ಚೀಲ ಹಿಡಿದು ಏಳುವರು. “ಗಿಳೀ ಕೂಡ ಸಂಸಾರ ಮಾಡೇನವಾ ನಾನು” ಎಂದು ಕಾಕು ನನ್ನೆದುರು ಹಣೆ ಚಚ್ಚಿಕೊಳ್ಳುತ್ತಿದ್ದಳು. “ಮದುವಿ ದಿನಾ ನಾ ತಲಿ ನೋಯತೈತಿ ಅಂದೆ. ತಲಿ ನೋಯತೈತಿ ಅಂತೀ ಹೌದಲ್ಲ ಅಂದ್ರು. ಆವತ್ತ ತಿಳೀಬೇಕಿತ್ತ ನನಗ.”

ನಾನು ಉಡುಪಿ ಕಡೆಯವಳು. ಗಂಡನ ಬ್ಯಾಂಕಿನ ವರ್ಗಾವಣೆ ನಮ್ಮನ್ನು ಕೋಲ್ಕತ್ತಕ್ಕೆ ತಂದು ಹಾಕಿತ್ತು. ನಮ್ಮ ಮನೆ ಲೇಕ್ ಮಾರ್ಕೆಟ್ಟಿನ ಹತ್ತಿರ ಕೆಳಗಿನ ಮಹಡಿ, ಕಾಕಾನದು ಮೇಲಿನದು. ಉಡುಪಿಯ ನನಗೆ ಧಾರವಾಡದ ಅವರ ಮಾತು ಮೊದಮೊದಲು ಜಗಳದಂತೆ ಕೇಳಿಸಿ ಹೆದರಿಕೆಯಾಗುತ್ತಿತ್ತು. ಆಮೇಲೆ ಅದೇ ಮಾತು ಕೇಳದಿದ್ದರೆ ಮನೆ ಬಿಕೋ ಎನ್ನುವಂತಾಯಿತು.

ಆ ವರ್ಷಗಳಲ್ಲಿ ಸಾಲ್ಟ್ ಲೇಕಿನ ಸೆಕ್ಟರ್ ಫೈವಿನಲ್ಲಿ ಗಾಜಿನ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಕೆಲಸ ಹುಡುಕಿಕೊಂಡು ನಮ್ಮ ಕಡೆಯವರೂ ಬರತೊಡಗಿದ್ದರು. ಬ್ಯಾಂಕಿನವರು, ರೈಲ್ವೆಯವರು, ಹೊಸದಾಗಿ ಬಂದ ಈ ಕಂಪ್ಯೂಟರಿನವರು ಎಲ್ಲರೂ ಸೇರಲಿ ಎಂದು ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಪ್ರಕಾಶ್ ಒಂದು ಇ-ಮೇಲ್ ಗುಂಪು ಶುರು ಮಾಡಿದರು. ಪ್ರಕಾಶ್ ಮೈಸೂರಿನವರು, ಬಿಬಿಡಿ ಬಾಗಿನ ಬ್ಯಾಂಕೊಂದರಲ್ಲಿ ಅಧಿಕಾರಿ. ಗುಂಪಿನಲ್ಲಿ ಒಬ್ಬರು ಬರೆದದ್ದು ಎಲ್ಲರಿಗೂ ಹೋಗುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತಿದ್ದೆವು. ಮೊದಲು ಯುಗಾದಿ ಊಟ, ಊರಿಗೆ ಹೋಗುವ ರೈಲು, ಬೇಳೆಸಾರಿನ ಪುಡಿ ಇಷ್ಟೇ ಇತ್ತು. ಆಮೇಲೆ ರಾಜಕೀಯ ಬಂತು ನೋಡಿ, ಅಬ್ಬಬ್ಬಾ! ಸಂಘದ ಊಟದಲ್ಲಿ ಒಬ್ಬರಿಗೊಬ್ಬರು ಪಾಯಸ ಬಡಿಸಿಕೊಳ್ಳುವವರು ಇ-ಮೇಲಿನಲ್ಲಿ ಒಬ್ಬರನ್ನೊಬ್ಬರು ದೇಶ ಬಿಟ್ಟು ಹೋಗು ಎನ್ನುತ್ತಿದ್ದರು. ಇದನ್ನು ಸಂಭಾಳಿಸಲು ಒಬ್ಬ ಹಿರಿಯ ಬೇಕೆಂದು ಎಲ್ಲರೂ ಕಾಕಾನ ಕೈಗೆ ಗುಂಪನ್ನು ಒಪ್ಪಿಸಿದರು. ಅವರಿಗೆ ಮೇಲ್ ಕಳಿಸುವುದನ್ನು ಗರಿಯಾಹಾಟಿನ ಸೈಬರ್ ಕೆಫೆಯಲ್ಲಿ ಪಕ್ಕದಲ್ಲಿ ಕೂತು ಕಲಿಸಿದವಳು ನಾನೇ.

ಕಾಕಾ ಬಂದವರೇ ತಮ್ಮ ತಂತಿ ಕಚೇರಿಯ ಕಾನೂನು ಹೂಡಿದರು. ಯಾರಿಗೆ ಉತ್ತರ ಕೊಡಬೇಕೋ, ಮೊದಲು ಅವರ ಮಾತನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, ಅವರು ಹೌದೆಂದ ಮೇಲೆಯೇ ನಿಮ್ಮ ಉತ್ತರ. ಎಲ್ಲರೂ ನಕ್ಕರು. ಆದರೆ ಒಂದು ಬಂದ್ ದಿನ ಅದರ ಮಹಿಮೆ ಕಂಡಿತು. ಕೋಲ್ಕತ್ತದಲ್ಲಿ ಬಂದ್ ಅಂದರೆ ಬಸ್ಸಿಲ್ಲ, ಟ್ರಾಮಿಲ್ಲ, ಓಣಿಯಲ್ಲಿ ಕ್ರಿಕೆಟ್ಟು. ತಾಯಿಯನ್ನು ಆಸ್ಪತ್ರೆಗೆ ಒಯ್ಯಲಾಗದೆ ಒದ್ದಾಡಿದ ಒಬ್ಬರು ಬಂದ್ ಮಾಡುವವರನ್ನು ಜೈಲಿಗೆ ಹಾಕಬೇಕೆಂದು ಬರೆದರು. ರೈಲ್ವೆ ಯೂನಿಯನ್ನಿನ ಇನ್ನೊಬ್ಬರು ಮುಷ್ಕರದ ಹಕ್ಕು ಕಿತ್ತುಕೊಂಡರೆ ನಾವು ಜೀತದಾಳುಗಳು ಎಂದರು. ಇನ್ನೇನು ಅಪ್ಪ-ಅಮ್ಮನ ಮಟ್ಟಕ್ಕೆ ಇಳಿಯುವುದರಲ್ಲಿತ್ತು. ಕಾಕಾ ಇಬ್ಬರಿಂದಲೂ ಎದುರಿನವರ ಮಾತನ್ನು ತಿರುಗಿ ಹೇಳಿಸಿದರು. “ಸಾಯೋ ತಾಯೀಗೂ ರಸ್ತೆ ಸಿಗಬಾರದು ಅಂತ ನೀವು ಅಂತೀರಿ, ಹೌದಲ್ಲ?” ಎಂದು ಮೊದಲಿನವರು ರೈಲ್ವೆಯವರಿಗೆ. “ಛೆ ಛೆ, ನಾನೆಲ್ಲಿ ಹಾಗೆ ಹೇಳಿದೆ!” ಹೀಗೆ ತಿದ್ದಿಕೊಳ್ಳುತ್ತ ತಿದ್ದಿಕೊಳ್ಳುತ್ತ ಇಬ್ಬರಿಗೂ ಜಗಳಕ್ಕೆ ಏನೂ ಉಳಿಯಲಿಲ್ಲ.

ಈ ಆಟವನ್ನು ಅತ್ಯಂತ ಖುಷಿಯಿಂದ ಆಡುತ್ತಿದ್ದವನು ಮುನೀರ್. ಹುಬ್ಬಳ್ಳಿಯ ಹುಡುಗ, ಸೆಕ್ಟರ್ ಫೈವಿನ ಒಂದು ಕಂಪನಿಯಲ್ಲಿ ಕೆಲಸ. ಹೆಂಡತಿ, ಮಾತು ಕಲಿಯುತ್ತಿದ್ದ ಮಗಳೊಂದಿಗೆ ಢಾಕುರಿಯಾದಲ್ಲಿ ಬಾಡಿಗೆಗಿದ್ದ. ಭಾನುವಾರ ಬಂತೆಂದರೆ ನೀಲವ್ವ ಕಾಕುವಿನ ಜೋಳದ ರೊಟ್ಟಿಗೆ ಹಾಜರು. ಊರಿಂದ ಬಂದ ಹಿಟ್ಟು ಮುಗಿಯುತ್ತ ಬಂದಾಗ ಕಾಕು ನಮಗೆಲ್ಲ ಚಪಾತಿ ಹಾಕಿ, ಮುನೀರನಿಗೊಬ್ಬನಿಗೇ ರೊಟ್ಟಿ ತಟ್ಟುತ್ತಿದ್ದಳು. ಕಾಕಾನ ಜೊತೆ ಅವನು ವಾದಿಸುವುದು ಕೇಳಬೇಕಿತ್ತು. “ಕಾಕಾ, ನೀವು ನನ್ನ ಮಾತು ತಿರುಗಿ ಹೇಳಿದ್ರ ನಾ ಹೇಳಿದ್ದಕ್ಕಿಂತ ಛಲೋ ಕೇಳಸತೈತಿ. ನೀವ ನನ್ನ ಪರವಾಗಿ ಬರದುಬಿಡ್ರಿ, ನಾ ರೊಟ್ಟಿ ತಿಂತೀನಿ” ಎನ್ನುವನು.

ಒಂದು ಚಳಿಗಾಲ ಬೇರೊಂದು ಊರಿನಲ್ಲಿ ಬಾಂಬು ಸಿಡಿದು ಜನ ಸತ್ತರು. ಗುಂಪಿನಲ್ಲಿ ಮಾತು ಕುದಿಯಿತು. ಹಿಡಿದವರಿಗೆ ವಕೀಲ ಯಾಕೆ, ಕೋರ್ಟು ಯಾಕೆ, ಗುಂಡು ಹಾಕಿ ಎಂದು ಪ್ರಕಾಶ್ ಬರೆದರು. ಹಿಡಿದವನು ತಪ್ಪಿತಸ್ಥನೇ ಎಂದು ಗೊತ್ತಾಗುವುದಾದರೂ ಹೇಗೆ, ಅದಕ್ಕೇ ವಕೀಲ ಬೇಕು ಎಂದು ಮುನೀರ್ ಬರೆದ. ಬೇರೆ ಯಾರಾದರೂ ಬರೆದಿದ್ದರೆ ಅದು ಒಂದು ಅಭಿಪ್ರಾಯವಾಗುತ್ತಿತ್ತು. ಮುನೀರ್ ಬರೆದದ್ದರಿಂದ ಅವನು ಯಾರ ಕಡೆಯವನು ಎನ್ನುವ ಪ್ರಶ್ನೆಯಾಯಿತು. ನನಗೆ ಈಗಲೂ ಹೊಟ್ಟೆ ಉರಿಯುವುದು ಅಲ್ಲಿಗೇ.

ಅದೇ ವಾರ ಮುನೀರನ ಮನೆಗೆ ಪೊಲೀಸರು ಬಂದರು. ಪಾಸ್‌ಪೋರ್ಟಿನ ವಿಚಾರಣೆಗೆ, ಎಲ್ಲರ ಮನೆಗೂ ಬರುವ ಹಾಗೆ. ಕಂಪನಿಯವರು ಅವನನ್ನು ಮಲೇಷ್ಯಾಕ್ಕೆ ತರಬೇತಿಗೆ ಕಳಿಸುವವರಿದ್ದರು, ಅದು ಕಾಕಾನಿಗೂ ನನಗೂ ಗೊತ್ತಿತ್ತು. ಆ ಓಣಿಯಲ್ಲಿ ಆಟೋದಲ್ಲಿ ಹೋಗುತ್ತಿದ್ದ ಪ್ರಕಾಶ್ ಪೊಲೀಸರನ್ನು ಕಂಡರು. ಶನಿವಾರ ಬ್ಯಾಂಕು ಅರ್ಧ ದಿನ. ಆಫೀಸಿನ ಕಂಪ್ಯೂಟರಿನಿಂದ ಗುಂಪಿಗೆ ನಾಲ್ಕು ಸಾಲು ಬರೆದು ಮನೆಗೆ ಹೋದರು. ವಕೀಲ ಬೇಕೆನ್ನುವವರ ಮನೆಗೇ ಪೊಲೀಸರು ಯಾಕೆ ಬಂದರು, ಅವರಿಗೆ ಮನೆ ಕೊಟ್ಟವರಿಗೆ ಇದು ತಿಳಿದಿದೆಯೇ, ನಾವು ಹುಷಾರಾಗಿರಬೇಡವೇ, ಸುಮ್ಮನೆ ಕೇಳುತ್ತಿದ್ದೇನೆ.

ಸಂಜೆ ಸೈಬರ್ ಕೆಫೆಯಲ್ಲಿ ಅದನ್ನು ಓದುವಾಗ ನಾನು ಕಾಕಾನ ಪಕ್ಕದಲ್ಲಿದ್ದೆ. “ಕಾಕಾ, ಇದನ್ನು ಅಳಿಸಿಬಿಡಿ ಮಾರಾಯ್ರೇ. ಇದಕ್ಕೆಲ್ಲ ಎಂತ ಉತ್ತರ?” ಎಂದೆ.

“ಅಳಿಸಿದ್ರ ಅವ ಹೊರಗ ಹೋಗಿ ಹೇಳತಾನ ತಂಗಿ. ಮಾತಾಡೋ ಹಕ್ಕು ಅವಂದೂ ಐತಿ. ಇಲ್ಲೇ ಹೇಳಲಿ, ಇಲ್ಲೇ ಉತ್ತರ ತೊಗೊಳ್ಳಲಿ.”

“ಹಾಗಾದರೆ ಈಗಲೇ ಉತ್ತರ ಕೊಡಿ. ಪಾಸ್‌ಪೋರ್ಟ್ ಅಂತ ಬರೆಯಿರಿ.”

“ಮೊದಲ ತಿರುಗಿ ಹೇಳಬೇಕಲ್ಲ. ಬ್ಯಾರೇದವರಿಗೆ ಒಂದು ಕಾಯ್ದೆ, ಮುನೀರ ನನ್ನಾವ ಅಂತ ಅವಗೊಂದು ಕಾಯ್ದೆ ಮಾಡಲೇನು?”

ಹಾಗೆಂದು ಒಂದೊಂದೇ ಅಕ್ಷರ ಒತ್ತುತ್ತ ಬರೆದರು. ಪ್ರಕಾಶ್ ಅವರೇ, ನೀವು ಹೇಳುವುದು ಇಷ್ಟು: ಮುನೀರನ ಮನೆಗೆ ಪೊಲೀಸರು ಬಂದಿದ್ದಾರೆ. ಅವನಿಗೆ ಬಾಂಬಿನವರ ಸಂಬಂಧವಿರಬಹುದು. ಮನೆಯ ಮಾಲೀಕರಿಗೆ ತಿಳಿಸಬೇಕು. ನಾವೆಲ್ಲ ಅವನಿಂದ ಹುಷಾರಾಗಿರಬೇಕು. ಅಂತೀರಿ, ಹೌದಲ್ಲ? ಪ್ರಕಾಶ್ ಸುತ್ತಿಬಳಸಿ ಕೇಳಿದ್ದನ್ನೆಲ್ಲ ಕಾಕಾ ಬಿಡಿಸಿ, ನೇರ ಮಾಡಿ, ಗಟ್ಟಿ ಮಾತಿನಲ್ಲಿ ಇಟ್ಟಿದ್ದರು. ಹಾಗೆ ಮುಖಕ್ಕೆ ಹಿಡಿದರೆ ಮನುಷ್ಯ ನಾಚಿ ಹಿಂದೆ ಸರಿಯುತ್ತಾನೆಂದು ಅವರ ನಂಬಿಕೆ. ಕೆಳಗೆ ಎಂದಿನಂತೆ ಪೂರ್ತಿ ಸಹಿ: ಗುರುಸಿದ್ದಪ್ಪ, ನಿವೃತ್ತ ಅಧಿಕಾರಿ, ಕೇಂದ್ರ ಸರ್ಕಾರದ ತಂತಿ ಇಲಾಖೆ. ಕಳಿಸಿ, ಟೋಪಿ ಹಾಕಿಕೊಂಡು, ಕಿವಿ ಹೊರಗೆ ಎಳೆದುಕೊಂಡು ಎದ್ದರು. ಪ್ರಕಾಶರ ಮನೆಗೆ ಫೋನ್ ಮಾಡಿ ಎಂದೆ. ಗುಂಪಿನ ಮಾತು ಗುಂಪಿನಲ್ಲೇ ಆಗಲಿ ಎಂದರು.

ಪ್ರಕಾಶ್ ಸೋಮವಾರದವರೆಗೆ ಮೇಲ್ ನೋಡಲಿಲ್ಲ. ಹೌದೂ ಬರಲಿಲ್ಲ, ಅಲ್ಲವೂ ಬರಲಿಲ್ಲ. ಕಾಯ್ದೆಯ ಪ್ರಕಾರ ಕಾಕಾ ಕಾದರು.

ಸೋಮವಾರ ಮಧ್ಯಾಹ್ನ ನನ್ನ ಗಂಡ ಬ್ಯಾಂಕಿನಿಂದ ಫೋನ್ ಮಾಡಿದರು. “ಕಾಕಾ ಎಂತ ಹೀಗೆ ಬರೆದಿದ್ದಾರೆ?” ಗುಂಪಿನಲ್ಲೇ ಇಲ್ಲದ ಬಂಗಾಳಿ ಸಹೋದ್ಯೋಗಿಯೊಬ್ಬರಿಂದ ಅವರಿಗೆ ಕಾಕಾನ ಆ ಮೇಲ್ ಬಂದಿತ್ತು. ಯಾರೋ ಪುಣ್ಯಾತ್ಮರು ಪ್ರಕಾಶರ ಹೆಸರಿದ್ದ ಮೊದಲ ಸಾಲು ತೆಗೆದಿದ್ದರು, ಕೊನೆಯ ‘ಹೌದಲ್ಲ’ ತೆಗೆದಿದ್ದರು, ನಡುವಿನದನ್ನು ಇಂಗ್ಲಿಷಿಗೆ ತಿರುಗಿಸಿದ್ದರು. ಸಹಿ ಮಾತ್ರ ಹಾಗೇ ಇತ್ತು. ಪ್ರಕಾಶರ ಹೆಸರಿನಲ್ಲಿ ಹೋಗಿದ್ದರೆ ಅರ್ಧ ಜನ ಅಳಿಸಿ ಬಿಸಾಡುತ್ತಿದ್ದರು. ಗುರುಸಿದ್ದಪ್ಪನವರು ಎರಡು ಸಲ ಕೇಳದೆ ಉಪ್ಪನ್ನೂ ತರದ ಮನುಷ್ಯ, ಅವರೇ ಹೇಳಿದ ಮೇಲೆ ಸುಳ್ಳಿರಲಿಕ್ಕಿಲ್ಲ ಎಂದು ಅವರನ್ನು ಬಲ್ಲವರೆಲ್ಲ ನಂಬಿದರು. ಅರಿಯದವರು ಕೇಂದ್ರ ಸರ್ಕಾರ ಎನ್ನುವುದನ್ನು ನೋಡಿ ನಂಬಿದರು.

ಕಾಕಾ ಆ ಕ್ಷಣವೇ ಕೆಫೆಗೆ ಓಡಿ ಪಾಸ್‌ಪೋರ್ಟಿನ ವಿಷಯ ಬರೆದು ಗುಂಪಿಗೆ ಹಾಕಿದರು. ಅದನ್ನು ಯಾರೂ ಯಾರಿಗೂ ಕಳಿಸಲಿಲ್ಲ. ಅಷ್ಟರಲ್ಲಿ ಆ ಇನ್ನೊಂದು ಮೇಲ್ ಮುನೀರನ ಕಂಪನಿಯನ್ನೂ ಮುಟ್ಟಿತ್ತು, ಅವನ ಮನೆಯ ಮಾಲೀಕಳಾದ, ಎಲ್ಲರೂ ಮಾಸಿಮಾ ಎಂದು ಕರೆಯುವ ಮುದುಕಿಯ ಅಳಿಯನನ್ನೂ ಮುಟ್ಟಿತ್ತು. ಅಳಿಯ ಪ್ರಿಂಟು ತೆಗೆಸಿ ಓಣಿಯ ಹುಡುಗರ ಕ್ಲಬ್ಬಿನ ಗೋಡೆಗೆ ಅಂಟಿಸಿದ. ಸಂಜೆ ಮಗುವಿಗೆ ಹಾಲು ತರಲು ಹೋದ ಮುನೀರನನ್ನು ಕ್ಲಬ್ಬಿನವರು ಅಡ್ಡಗಟ್ಟಿದರು. ಕ್ಯಾರಂ ಆಡುವಾಗ ದಿನಾ ‘ಮುನೀರ್‌ದಾ’ ಎಂದು ಅಣ್ಣನ ಹಾಗೆ ಕರೆಯುತ್ತಿದ್ದವರೇ. ಅವನು ಪಾಸ್‌ಪೋರ್ಟ್ ಅಂದ, ಯಾರೂ ಕೇಳಿಸಿಕೊಳ್ಳಲಿಲ್ಲ. ಕೆನ್ನೆಗೆ ಬಿದ್ದ ಏಟಿಗೆ ಎಡಗಿವಿಯ ತಮಟೆ ಹರಿಯಿತು.

ಪ್ರಕಾಶ್ ಮರುದಿನ ಕಾಕಾನ ಮನೆಗೆ ಬಂದಿದ್ದರು. ಮುಖ ಬಾಡಿತ್ತು, ಅದನ್ನು ಇಲ್ಲವೆನ್ನಲಾರೆ. ಆದರೆ ಬಾಯಿ ಬಾಡಿರಲಿಲ್ಲ. “ತುಂಬಾ ಬೇಜಾರಾಯ್ತು ಸಾರ್. ಆದ್ರೆ ನಾನೆಲ್ಲಿ ಹೇಳ್ದೆ? ನಾನು ಕೇಳ್ದೆ ಅಷ್ಟೆ. ಹೇಳಿದ್ದು ನೀವು.”

ನನಗೆ ಕೈಯಲ್ಲಿದ್ದ ಕಾಫಿಯನ್ನು ಅವರ ತಲೆಯ ಮೇಲೆ ಸುರಿಯಬೇಕೆನಿಸಿತು. ಕಾಕಾ ಮಾತ್ರ ಅವರನ್ನು ನೋಡುತ್ತ, “ಹೇಳಿದ್ದು ನಾನು ಅಂತೀರಿ” ಎಂದರು. ಹೌದಲ್ಲ ಎಂದು ಕೇಳಲಿಲ್ಲ.

ಮುನೀರನನ್ನು ನೋಡಲು ಕಾಕಾ, ಕಾಕು, ನಾನು ಮೂವರೂ ಹೋದೆವು. ಕಿವಿಗೆ ಹತ್ತಿ ತುರುಕಿ ಬ್ಯಾಂಡೇಜು ಸುತ್ತಿದ್ದರು. ಅವನ ಹೆಂಡತಿ ಎದ್ದು ಒಳಗೆ ಹೋದವಳು ಹೊರಗೆ ಬರಲಿಲ್ಲ. ಕಾಕಾ ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತ ಕೂತರು.

“ಕಾಕಾ, ಈ ಕಡೆ ಕೂಡ್ರಿ. ಆ ಕಡೆ ಕೇಳಸೂದಿಲ್ಲ” ಎಂದ ಮುನೀರ್. ಕಾಕಾ ಎದ್ದು ಬಲಗಡೆಗೆ ಹೋದರು. “ನೀವು ನನ್ನ ಪರವಾಗಿ ಬರೀಲಿಕ್ಕೆ ಹೊಂಟಿದ್ರಿ ಅಂತ ನನಗ ಗೊತ್ತೈತಿ. ಆದ್ರ ಅದು ನನಗೊಬ್ಬಗ ಗೊತ್ತು ಕಾಕಾ. ಊರಿಗೆಲ್ಲಾ ನಿಮ್ಮ ಸಹಿ ಅಷ್ಟ ಗೊತ್ತು.”

ನೀಲವ್ವ ಕಾಕು ಸೆರಗಿನಲ್ಲಿ ಕಟ್ಟಿ ತಂದಿದ್ದ ರೊಟ್ಟಿಗಳನ್ನು ಮೇಜಿನ ಮೇಲಿಟ್ಟು ಅಳುತ್ತ ನಿಂತಳು.

ಕಂಪನಿ ಅವನನ್ನು ಎಲ್ಲ ತಿಳಿಯಾಗುವವರೆಗೆ ಮನೆಯಲ್ಲಿರಿ ಎಂದಿತು. ಮನೆಯಲ್ಲಿ ಮಾಸಿಮಾ ಬೀಗದ ಕೈ ಕೇಳಿದಳು. ತಿಂಗಳು ತುಂಬುವ ಮೊದಲೇ ಗಂಡ, ಹೆಂಡತಿ, ಮಗು ಹೌರಾದಿಂದ ಊರಿನ ರೈಲು ಹತ್ತಿದರು. ಅವರು ಹೋದ ಮೇಲೆ ಪಾಸ್‌ಪೋರ್ಟ್ ಬಂತು. ಪೊಲೀಸರ ಕಡೆಯಿಂದ ಯಾವ ತಕರಾರೂ ಇರಲಿಲ್ಲ. ಆಳು ಇಲ್ಲವೆಂದು ಅಂಚೆಯವನು ಅದನ್ನು ವಾಪಸು ಒಯ್ದನಂತೆ. ಮಾಸಿಮಾ ಇದನ್ನು ನನಗೆ ಮಾರುಕಟ್ಟೆಯಲ್ಲಿ ಮೀನು ಆರಿಸುತ್ತ ಹೇಳಿದಳು.

ಕಾಕಾ ಸುಮ್ಮನೆ ಕೂರುವವರಲ್ಲ. “ತಪ್ಪು ತಾರು ಹೋದ್ರ, ತಿದ್ದಿದ ತಾರು ಅದ ದಾರೀಲೆ, ಅದ ಮನೀಗೆ ಹೋಗಬೇಕು” ಎಂದು ಹೊರಟರು. ಸಹಿ ಹೋದಲ್ಲೆಲ್ಲ ತಾವೂ ಹೋಗಬೇಕೆಂದು ಹಟ. ಒಬ್ಬರೇ ಹೋದರೆ ಎಲ್ಲಾದರೂ ಬಿದ್ದಾರೆಂದು ನಾನೂ ಜೊತೆಗೆ ಹೋಗುತ್ತಿದ್ದೆ. ನಿಮಗೆ ಯಾರು ಕಳಿಸಿದರು, ನೀವು ಯಾರಿಗೆ ಕಳಿಸಿದಿರಿ? ಈ ಪ್ರಶ್ನೆಗೆ ಒಬ್ಬರೂ ಉತ್ತರ ಕೊಡಲಿಲ್ಲ. ಬಂದಿತ್ತು, ನೋಡಿದೆ, ಕಳಿಸಲಿಲ್ಲ. ಎಲ್ಲರೂ ಅದೇ ಹಾಡು. ಯಾರೂ ಕಳಿಸದೆ ಅದು ಊರೆಲ್ಲ ಸುತ್ತಿತ್ತು! ಕಾಕಾ ಅಷ್ಟಕ್ಕೆ ಬಿಡುತ್ತಿರಲಿಲ್ಲ. “ಮುನೀರನ ಮನೀಗೆ ಪೊಲೀಸರು ಬಂದಿದ್ದು ಪಾಸ್‌ಪೋರ್ಟಿಗೆ. ಅವ ಏನೂ ಮಾಡಿಲ್ಲ. ನಾ ಹೇಳಿದ್ದು ತಿರುಗಿ ಹೇಳ್ರಿ” ಎಂದು ಕೈ ಮುಗಿದು ನಿಲ್ಲುವರು. ಜನಕ್ಕೆ ಮುಜುಗರ. ಚಹಾ ಕುಡಿಯಿರಿ, ಸಂದೇಶ್ ಮಿಠಾಯಿ ತಿನ್ನಿ, ಅದೆಲ್ಲ ಮರೆತುಹೋಯಿತು ಬಿಡಿ ಎನ್ನುವರು. ತಿರುಗಿ ಮಾತ್ರ ಹೇಳರು. ಬಸ್ಸು ಬದಲಿಸಿ ಊರ ಅಂಚಿನ ಜೋಕಾದ ತನಕ ಹೋದೆವು ಒಮ್ಮೆ. ಆ ಮನೆಯಾಕೆ ಓದಿದವಳು, ಕಾಕಾನ ಮಾತನ್ನು ಪೂರ್ತಿ ಕೇಳಿದಳು. ಕೊನೆಗೆ, “ಸುಳ್ಳೇ ಇರಬಹುದು ಅಂಕಲ್. ಆದರೂ ಹುಷಾರಾಗಿದ್ದರೆ ಒಳ್ಳೆಯದಲ್ಲವಾ?” ಎಂದಳು.

ಬರುಬರುತ್ತ ಗ್ರಿಲ್ ಬಾಗಿಲಿನ ಆಚೆಯಿಂದಲೇ ಮನೆಯಲ್ಲಿ ಯಾರೂ ಇಲ್ಲ ಎನ್ನತೊಡಗಿದರು. ಆಗ ಕಾಕಾ ಹೋಗುವುದನ್ನು ನಿಲ್ಲಿಸಿದರು. ಮುಂದಿನ ಚಳಿಗಾಲದಲ್ಲಿ ಅವರು ಹೊಸ ಮಂಕಿ ಕ್ಯಾಪ್ ಕೊಂಡರು. ಅದಕ್ಕೆ ಕತ್ತರಿ ಹಾಕಲಿಲ್ಲ. ಒಂದು ಬೆಳಿಗ್ಗೆ ಕಾಕು ಮೆಟ್ಟಿಲಿಳಿದು ನನ್ನ ಅಡುಗೆಮನೆಗೆ ಬಂದು ಕೂತಳು. “ಉಪ್ಪು ತೀರೇತಿ ಅಂದೆ. ಸುಮ್ಮನ ಎದ್ದು ಹ್ವಾದ್ರು. ಏನೂ ಕೇಳಲಿಲ್ಲ. ನನ್ನ ಗಿಳಿ ಮೂಕಾತು ನೋಡವಾ” ಎಂದು ಬಿಕ್ಕಿ ಬಿಕ್ಕಿ ಅತ್ತಳು. ನಾನು ಉಪ್ಪಿನ ಡಬ್ಬಿ ಅವಳ ಕೈಗಿಟ್ಟೆ.

ಅದಾಗಿ ಹೆಚ್ಚು ಕಾಲ ಕಾಕಾ ಬಾಳಲಿಲ್ಲ. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಹುಬ್ಬಳ್ಳಿಗೆ ಫೋನ್ ಮಾಡಿದೆ, ಮುನೀರನ ನಂಬರು ಬದಲಾಗಿತ್ತು.

ಸಂಘದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಹಾರ ಹಾಕಿದ ಫೋಟೋ, ಮುಂದಿನ ಸಾಲಿನಲ್ಲಿ ನೀಲವ್ವ ಕಾಕು, ಹಿಂದೆ ಉಪ್ಪಿಟ್ಟಿನ ಪರಿಮಳ. ಪ್ರಕಾಶ್ ಆಗ ಸಂಘದ ಅಧ್ಯಕ್ಷರಾಗಿದ್ದರು. ಕಾಕಾನ ಪ್ರಾಮಾಣಿಕತೆ, ಶಿಸ್ತು ಎಲ್ಲ ಹೇಳಿದರು, ಕಣ್ಣೊರೆಸಿಕೊಂಡರು. ಆ ಕಣ್ಣೀರು ಸುಳ್ಳಲ್ಲ, ಅದು ಇನ್ನೂ ಕಷ್ಟ. ಆಮೇಲೆ ಹೇಳಿದರು: “ದೇಶಕ್ಕೆ ಕಷ್ಟ ಬಂದ ಕಾಲದಲ್ಲಿ, ನಮ್ಮ ನಡುವೆ ಯಾರಿದ್ದಾರೆ ಅಂತ ಧೈರ್ಯವಾಗಿ ಬರೆದು ನಮ್ಮನ್ನೆಲ್ಲ ಎಚ್ಚರಿಸಿದವರು ಗುರುಸಿದ್ದಪ್ಪನವರು.” ಜನ ಚಪ್ಪಾಳೆ ತಟ್ಟಿದರು. ಸತ್ತವರ ಸಭೆಯಲ್ಲಿ ಚಪ್ಪಾಳೆ!

ನಾನು ಎದ್ದು ನಿಂತೆ. “ಪ್ರಕಾಶ್ ಅವರೇ, ಮುನೀರನ ಮೇಲೆ ಸಂಶಯ ಪಟ್ಟು ಕಾಕಾ ತಾವಾಗಿ ಆ ಮಾತು ಬರೆದರು ಅಂತೀರಿ, ಹೌದಲ್ಲ?”

“ಹೌದು ಮೇಡಂ, ಅವರ ಸಹಿ ಇತ್ತಲ್ಲ.”

ಹೌದು ಬಂದಾಯಿತು. ಕಾಕಾನ ಕಾಯ್ದೆಯಂತೆ ಇನ್ನು ಉತ್ತರ ಕೊಡಬಹುದಿತ್ತು. “ಅದು ಅವರ ಮಾತಲ್ಲ, ನಿಮ್ಮ ಮಾತು. ನಿಮಗೆ ನಾಚಿಕೆಯಾಗಲಿ ಅಂತ ಅವರು ನಿಮಗೇ ತಿರುಗಿ ಹೇಳಿದ್ದು. ಮುನೀರನ ಮನೆಗೆ ಪೊಲೀಸರು ಬಂದದ್ದು ಪಾಸ್‌ಪೋರ್ಟಿಗೆ. ಅವನು ಏನೂ ಮಾಡಿರಲಿಲ್ಲ.”

ಯಾರೋ ಹಿಂದಿನಿಂದ ಸೆರಗು ಎಳೆದು, “ಇವತ್ತೊಂದು ದಿನ ಬೇಡ ಮಾರಾಯ್ತಿ” ಎಂದರು. ಪ್ರಕಾಶ್, “ಸಾವಿನ ಸಭೆಯಲ್ಲಿ ರಾಜಕೀಯ ಬೇಡ, ದಯವಿಟ್ಟು ಎಲ್ಲರೂ ತಿಂಡಿ ತಗೊಳ್ಳಿ” ಎಂದು ಮೈಕು ಆರಿಸಿದರು. ಕುರ್ಚಿಗಳು ಸರಿಯುವ ಸದ್ದಾಯಿತು, ಜನ ಎದ್ದು ತಟ್ಟೆಗಳ ಕಡೆ ನಡೆದರು.

ಮುಂದಿನ ಸಾಲಿನಲ್ಲಿ ಕಾಕು ಎದ್ದಿರಲಿಲ್ಲ. ಕುರ್ಚಿಯಲ್ಲೇ ನನ್ನ ಕಡೆ ತಿರುಗಿದಳು. ಇಡೀ ಜೀವನ ಆ ಚಾಳಿಯನ್ನು ಹಂಗಿಸಿದವಳು ಎಲ್ಲರಿಗೂ ಕೇಳುವಂತೆ ದೊಡ್ಡ ದನಿಯಲ್ಲಿ ಕೇಳಿದಳು.

“ಮುನೀರನ ಮನೀಗೆ ಪೊಲೀಸರು ಬಂದಿದ್ದು ಪಾಸ್‌ಪೋರ್ಟಿಗೆ. ಆ ಕೂಸು ಏನೂ ಮಾಡಿರಲಿಲ್ಲ. ಅಂತೀ, ಹೌದಲ್ಲ?”

“ಹೌದು ಕಾಕು” ಎಂದೆ.